46 ಎಣಿಸುವ ಕೆಲಸಕ್ಕೆ ನಾನು ಬಂದ ದಾರಿ

ಜೀವಶಾಸ್ತ್ರ ಇಷ್ಟ ಎಂದ ಮಗುವನ್ನು ದೊಡ್ಡವರು ಕೇಳುವ ಮೊದಲ ಪ್ರಶ್ನೆ, ‘ಹಾಗಾದ್ರೆ ಡಾಕ್ಟರ್ ಆಗ್ತೀಯಾ?’ ನನ್ನನ್ನೂ ಕೇಳಿದರು. ಹೂಂ ಅಂದೆ. ಹತ್ತನೇ ವಯಸ್ಸಿನಲ್ಲಿ ಅಂದ ಆ ಹೂಂ ಹತ್ತೊಂಬತ್ತರವರೆಗೂ ನನ್ನ ಬೆನ್ನಿಗಿತ್ತು. ವೈದ್ಯಕೀಯ ಪ್ರವೇಶ ಪರೀಕ್ಷೆ ಎರಡು ಸಲ ಬರೆದೆ. ಮೊದಲ ಸಲ ಸ್ವಲ್ಪದರಲ್ಲಿ ತಪ್ಪಿತು. ಎರಡನೇ ಸಲ ಇನ್ನಷ್ಟು ಹಿಂದೆ ಬಿದ್ದೆ. ಮನೆಯಲ್ಲಿ ಯಾರೂ ಬೈಯಲಿಲ್ಲ. ಅಪ್ಪ ಮಾತ್ರ, ‘ಮುಂದೇನು ಮಾಡೋಣ ಅಂತಿದೀಯಮ್ಮಾ?’ ಎಂದು ಮೆತ್ತಗೆ ಕೇಳಿದರು. ನನ್ನ ಬಳಿ ಉತ್ತರವಿರಲಿಲ್ಲ. ಜೀವಶಾಸ್ತ್ರ ಓದಿದವರು ಒಂದೋ ಡಾಕ್ಟರಾಗಬೇಕು, ಇಲ್ಲವೇ ಅದನ್ನೇ ಪಾಠ ಮಾಡಬೇಕು ಎಂದಷ್ಟೇ ನನಗೆ ಗೊತ್ತಿತ್ತು. ಇವತ್ತು ನಾನು ಮಾಡುತ್ತಿರುವ ಕೆಲಸದ ಹೆಸರನ್ನು ಆಗ ಒಂದು ಸಲವೂ ಕೇಳಿರಲಿಲ್ಲ.

ಆ ಕೆಲಸದ ಹೆಸರು ಸೈಟೋಜೆನೆಟಿಕ್ಸ್. ರಕ್ತದ ಅಥವಾ ಅಸ್ಥಿಮಜ್ಜೆಯ ಜೀವಕೋಶಗಳನ್ನು ಬೆಳೆಸಿ, ಅವುಗಳ ವರ್ಣತಂತುಗಳನ್ನು (ಕ್ರೋಮೋಸೋಮುಗಳನ್ನು) ಸ್ಲೈಡಿನ ಮೇಲೆ ಹರಡಿ, ಎಣಿಸಿ, ಜೋಡಿ ಮಾಡಿ, ಎಲ್ಲಿ ಏನು ಹೆಚ್ಚಾಗಿದೆ, ಏನು ಕಡಿಮೆಯಾಗಿದೆ, ಯಾವುದು ಜಾಗ ಬದಲಿಸಿದೆ ಎಂದು ಹುಡುಕುವುದು. ಹನ್ನೊಂದು ವರ್ಷದಿಂದ ಇದನ್ನೇ ಮಾಡುತ್ತಿದ್ದೇನೆ.

ಇದರ ಸುಳಿವು ಶಾಲೆಯಲ್ಲೇ ಸಿಕ್ಕಿತ್ತು, ಯಾರೂ ಗುರುತಿಸಲಿಲ್ಲ. ಈರುಳ್ಳಿ ಬೇರಿನ ತುದಿಯನ್ನು ಜಜ್ಜಿ, ಬಣ್ಣ ಹಾಕಿ, ಮೈಕ್ರೋಸ್ಕೋಪಿನಲ್ಲಿ ಕೋಶವಿಭಜನೆ ನೋಡುವ ಪ್ರಯೋಗ ಎಲ್ಲ ಕಡೆಯೂ ಇರುತ್ತದೆ. ಬಹಳ ಮಂದಿ ಪುಸ್ತಕದ ಚಿತ್ರವನ್ನೇ ನೋಡಿ ರೆಕಾರ್ಡಿನಲ್ಲಿ ಬಿಡಿಸಿ ಮುಗಿಸುತ್ತಾರೆ. ನಾನು ಆ ದಿನ ಗಂಟೆ ಹೊಡೆದದ್ದೂ ತಿಳಿಯದೆ ಕೂತಿದ್ದೆ. ನೂರಾರು ಸುಮ್ಮನಿರುವ ಕೋಶಗಳ ನಡುವೆ ಎಲ್ಲೋ ಒಂದು ಮಾತ್ರ ಎರಡಾಗುತ್ತಿರುತ್ತದೆ. ಅದರಲ್ಲಿ ವರ್ಣತಂತುಗಳು ದಾರದ ತುಂಡುಗಳ ಹಾಗೆ ಎರಡು ಕಡೆಗೆ ಎಳೆದುಕೊಂಡು ಹೋಗುತ್ತಿರುವಂತೆ ನಿಂತಿದ್ದವು. ಒಂದು ಸಿಕ್ಕಿದ ಮೇಲೆ ಇನ್ನೊಂದು ಬೇಕೆನಿಸಿತು. ಅಟೆಂಡರ್ ಬಂದು ದೀಪ ಆರಿಸುವವರೆಗೂ ಹುಡುಕುತ್ತಿದ್ದೆ. ಆದರೆ ಪ್ರವೇಶ ಪರೀಕ್ಷೆಯಲ್ಲಿ ಅದಕ್ಕೆ ಅಂಕವಿರಲಿಲ್ಲ. ಅದೊಂದು ಗುಣ ಅಂತ ನನಗೇ ಅನಿಸಿರಲಿಲ್ಲ.

ಕೊನೆಗೆ ಜೀವವಿಜ್ಞಾನದ ಪದವಿಗೆ ಸೇರಿದೆ. ಮೊದಲ ವರ್ಷವಿಡೀ ಮುಖ ಸಪ್ಪೆ ಮಾಡಿಕೊಂಡೇ ಓಡಾಡಿದೆ. ತರಗತಿಯಲ್ಲಿ ಅರ್ಧಕ್ಕರ್ಧ ಜನ ನನ್ನ ಹಾಗೆಯೇ ವೈದ್ಯಕೀಯ ಸೀಟು ಸಿಗದೆ ಬಂದವರು. ಸೋತವರ ಜಾಗ ಇದು ಎಂಬ ಭಾವನೆಯನ್ನು ನಾವು ಒಬ್ಬರಿಂದೊಬ್ಬರಿಗೆ ಹಂಚಿಕೊಳ್ಳುತ್ತಿದ್ದೆವು. ಅದನ್ನು ಬಿಡಿಸಿದವರು ಸಸ್ಯಶಾಸ್ತ್ರ ಕಲಿಸುತ್ತಿದ್ದ ಮೇಡಂ. ಒಂದು ಸಂಜೆ ಅವರ ಕೋಣೆಗೆ ಹೋಗಿ, ‘ಮೇಡಂ, ನಂಗೆ ಜೆನೆಟಿಕ್ಸ್ ಇಷ್ಟ, ಇಕಾಲಜಿನೂ ಇಷ್ಟ. ಯಾವುದು ತಗೊಂಡ್ರೆ ಕೆಲಸ ಸಿಗುತ್ತೆ?’ ಎಂದು ಕೇಳಿದೆ.

‘ಯಾವ ಪಾಠ ಇಷ್ಟ ಅನ್ನೋದು ಬಿಡು,’ ಅಂದರು. ‘ಪಾಠ ಎಲ್ಲ ಚೆನ್ನಾಗೇ ಇರುತ್ತೆ. ಬೆಳಿಗ್ಗೆಯಿಂದ ಸಂಜೆ ತನಕ ನಿನ್ನ ಕೈಯಲ್ಲಿ ಏನಿರಬೇಕು? ಪಿಪೆಟ್ಟಾ, ದುರ್ಬೀನಾ, ಕೀಬೋರ್ಡಾ? ಎದುರಿಗೆ ಮನುಷ್ಯರಿರಬೇಕಾ, ಬೇಡವಾ? ರಜೆಗೊಂದು ಜಾಗಕ್ಕೆ ಹೋಗಿ ನೋಡ್ಕೊಂಡು ಬಾ. ಆಮೇಲೆ ಮಾತಾಡೋಣ.’

ಜಾಗ ಹುಡುಕುವುದೇ ಒಂದು ಕೆಲಸವಾಯಿತು. ಮೊದಲು ನಾನು ಬರೆದ ಪತ್ರಗಳೆಲ್ಲ ಒಂದೇ ಅಚ್ಚಿನವು: ‘ನನಗೆ ಸಂಶೋಧನೆಯಲ್ಲಿ ಅಪಾರ ಆಸಕ್ತಿಯಿದೆ, ದಯವಿಟ್ಟು ಅವಕಾಶ ಕೊಡಿ.’ ಇಪ್ಪತ್ತಕ್ಕೂ ಹೆಚ್ಚು ಕಳಿಸಿದೆ, ಒಂದಕ್ಕೂ ಉತ್ತರವಿಲ್ಲ. ಮೇಡಂ ಒಂದನ್ನು ಓದಿ ನೋಡಿ, ‘ಇದನ್ನ ಯಾರಿಗೆ ಬೇಕಾದ್ರೂ ಕಳಿಸಬಹುದು. ಅದಕ್ಕೇ ಯಾರೂ ಓದಲ್ಲ’ ಎಂದರು. ಆಮೇಲೆ ಐದೇ ಪತ್ರ ಬರೆದೆ. ಒಬ್ಬೊಬ್ಬರ ಒಂದೊಂದು ಪ್ರಬಂಧ ಓದಿ, ಅದರಲ್ಲಿ ನನಗೆ ಅರ್ಥವಾಗದ ಒಂದು ನಿಜವಾದ ಪ್ರಶ್ನೆ ಕೇಳಿ, ಆರು ವಾರ ಬರುತ್ತೇನೆ, ಬಾಟಲಿ ತೊಳೆಯುವುದರಿಂದ ಶುರು ಮಾಡಲೂ ಸಿದ್ಧ ಎಂದು ಬರೆದೆ. ಮೂವರು ಉತ್ತರಿಸಿದರು. ಇದನ್ನು ಕೇಳಿದವರಿಗೆಲ್ಲ ಹೇಳುತ್ತೇನೆ, ಏಕೆಂದರೆ ಇಷ್ಟು ಸಣ್ಣ ವಿಷಯ ನನಗೆ ಒಂದು ವರ್ಷ ಮೊದಲೇ ಗೊತ್ತಿದ್ದರೆ ಒಂದು ರಜೆ ಉಳಿಯುತ್ತಿತ್ತು.

ಮೊದಲ ಬೇಸಿಗೆ ಚಿಟ್ಟೆ ಎಣಿಸಲು ಹೋದೆ. ಚಿಟ್ಟೆ ಎಣಿಸುವುದೆಂದರೆ ಬಲೆ ಹಿಡಿದು ಓಡುವುದಲ್ಲ. ಒಂದು ದಾರಿಯನ್ನು ಗೊತ್ತು ಮಾಡಿ, ಒಂದೇ ವೇಗದಲ್ಲಿ ನಡೆಯುತ್ತ, ಎಡಬಲಕ್ಕೆ ಎರಡೂವರೆ ಮೀಟರ್, ಮುಂದಕ್ಕೆ ಐದು ಮೀಟರ್, ಅಷ್ಟರೊಳಗೆ ಕಂಡದ್ದನ್ನು ಮಾತ್ರ ಲೆಕ್ಕಕ್ಕೆ ತಗೊಳ್ಳಬೇಕು. ಮಾರನೇ ವಾರ ಮತ್ತೆ ಅದೇ ದಾರಿ. ಬ್ರಿಟನ್ನಿನಲ್ಲಿ 1976ರಿಂದ ಹೀಗೇ ವಾರವಾರ ಎಣಿಸುತ್ತ ಬಂದಿದ್ದಾರೆ, ಹೆಚ್ಚಿನವರು ಸ್ವಯಂಸೇವಕರು. ಯಾವ ಜಾತಿ ಕಡಿಮೆಯಾಗುತ್ತಿದೆ ಎಂದು ಧೈರ್ಯವಾಗಿ ಹೇಳಲು ಆಗುವುದು ಇಂಥ ಬೇಸರದ, ನಿಷ್ಠೆಯ ಲೆಕ್ಕದಿಂದ. ನಾನು ಹೊರಗಿನ ಕೆಲಸ ಅಂದರೆ ಪ್ರಕೃತಿ ಪ್ರೀತಿ ಅಂದುಕೊಂಡು ಹೋಗಿದ್ದೆ. ಅಲ್ಲಿ ಸಂಜೆಯೆಲ್ಲ ನಡೆಯುತ್ತಿದ್ದದ್ದು ಸಂಖ್ಯಾಶಾಸ್ತ್ರ: ಮೋಡ ಮುಚ್ಚಿದ ದಿನ ಕಡಿಮೆ ಕಂಡರೆ ಚಿಟ್ಟೆ ಕಡಿಮೆಯಾಗಿದೆ ಎನ್ನಬಹುದೇ? ನಾನು ಕಾಣದೆ ಬಿಟ್ಟವು ಎಷ್ಟು? ನನ್ನ ಜೊತೆಗಿದ್ದ ಗೆಳತಿಗೆ ಇದು ಪಾಯಸದಷ್ಟು ಇಷ್ಟವಾಯಿತು. ಅವಳು ಇಂದು ಕೆರೆ, ಜವುಗು ಪ್ರದೇಶಗಳ ಸಮೀಕ್ಷೆ ಮಾಡುತ್ತಾಳೆ; ದೊಡ್ಡ ಕಾಮಗಾರಿಗಳು ಶುರುವಾಗುವ ಮುಂಚೆ ಅಲ್ಲಿ ಏನೇನು ಜೀವ ಇದೆ ಎಂದು ವರದಿ ಕೊಡುತ್ತಾಳೆ. ಕೆಲಸ ಹೆಚ್ಚಾಗಿ ಒಂದೊಂದು ಯೋಜನೆಯ ಅವಧಿಗೆ ಮಾತ್ರ, ಮುಗಿದ ಮೇಲೆ ಮತ್ತೆ ಹುಡುಕಬೇಕು. ಅದು ಕಷ್ಟ ಅಂತ ಅವಳೇ ಹೇಳುತ್ತಾಳೆ. ನನಗೆ ನಡಿಗೆ ಹಿಡಿಸಿತು, ಗುರುತಿಸುವುದು ಹಿಡಿಸಿತು. ಆದರೆ ಕಂಡ ಮರುಕ್ಷಣ ಹಾರಿಹೋಗುವುದು ನನ್ನನ್ನು ಕಂಗೆಡಿಸುತ್ತಿತ್ತು. ನನಗೆ ಇನ್ನೂ ಸ್ವಲ್ಪ ಹೊತ್ತು ನೋಡಬೇಕಿತ್ತು.

ಎರಡನೇ ಬೇಸಿಗೆ ಡಿಎನ್‌ಎ ಲ್ಯಾಬು. ಒಂದು ಗಿಡದ ರೋಗಕ್ಕೆ ಕಾರಣವಾದ ಬ್ಯಾಕ್ಟೀರಿಯಾ ಇದೆಯೋ ಇಲ್ಲವೋ ಎಂದು ಪಿಸಿಆರ್, ಅಂದರೆ ಡಿಎನ್‌ಎಯ ಒಂದು ತುಂಡನ್ನು ಲಕ್ಷಾಂತರ ನಕಲು ಮಾಡುವ ವಿಧಾನ, ಬಳಸಿ ನೋಡುವುದು ನನ್ನ ಪಾಲಿಗೆ ಬಂತು. ತತ್ತ್ವ ಸರಳ: ಡಿಎನ್‌ಎ ಎಳೆಗಳನ್ನು 95 ಡಿಗ್ರಿಯ ಹತ್ತಿರ ಬಿಸಿ ಮಾಡಿ ಬಿಡಿಸು, ತಣಿಸಿ ಪ್ರೈಮರ್ ಎಂಬ ಸಣ್ಣ ಡಿಎನ್‌ಎ ತುಂಡು ಅಂಟಿಸು, 72 ಡಿಗ್ರಿಯಲ್ಲಿ ಕಿಣ್ವದಿಂದ ನಕಲು ಮಾಡಿಸು, ಮೂವತ್ತು ಸುತ್ತು ಹೀಗೆ. ಪ್ರತಿ ಸುತ್ತಿಗೂ ದುಪ್ಪಟ್ಟು. ಕ್ಯಾರಿ ಮುಲ್ಲಿಸ್ ಇದನ್ನು ಯೋಚಿಸಿದ್ದು 1983ರಲ್ಲಿ, ನೊಬೆಲ್ ಬಂದದ್ದು 1993ರಲ್ಲಿ. ಅಷ್ಟು ಬಿಸಿಗೂ ಕೆಡದ ಆ ಕಿಣ್ವ ಬಂದದ್ದು ಯೆಲ್ಲೋಸ್ಟೋನಿನ ಬಿಸಿನೀರ ಬುಗ್ಗೆಗಳಲ್ಲಿ ಸಿಕ್ಕಿದ ಒಂದು ಬ್ಯಾಕ್ಟೀರಿಯಾದಿಂದ. ಅದನ್ನು ಥಾಮಸ್ ಬ್ರಾಕ್ ಅವರ ಜೊತೆ ಸೇರಿ ಬೇರ್ಪಡಿಸಿ ಬೆಳೆಸಿದ ಹಡ್ಸನ್ ಫ್ರೀಜ್ ಆಗ ಇನ್ನೂ ಪದವಿ ವಿದ್ಯಾರ್ಥಿ. ಅವರ ಪ್ರಬಂಧ ಬಂದದ್ದು 1969ರಲ್ಲಿ. ಬಿಸಿನೀರಲ್ಲಿ ಏನು ಬದುಕುತ್ತದೆ ಎಂದು ನೋಡಲು ಹೊರಟ ಒಬ್ಬ ಹುಡುಗನ ಕೆಲಸ ಮುಂದೆ ಇಡೀ ಜಗತ್ತಿನ ಲ್ಯಾಬುಗಳಿಗೆ ಬೇಕಾಯಿತು. ನನ್ನ ವಯಸ್ಸಿನವನು ಮಾಡಿದ್ದು ಎಂದು ಓದಿದಾಗ ನನಗೆ ರೋಮಾಂಚನವಾಗಿತ್ತು.

ನನ್ನ ಪಿಸಿಆರ್ ಮಾತ್ರ ಮೂರು ವಾರ ಕೆಟ್ಟಿತು. ಡಿಎನ್‌ಎ ಹಾಕದೆ ಬರೀ ನೀರು ಹಾಕಿದ ಟ್ಯೂಬಿನಲ್ಲಿ ಏನೂ ಬರಬಾರದು. ನನ್ನದರಲ್ಲಿ ಪ್ರತಿ ಸಲವೂ, ಡಿಎನ್‌ಎ ಇದ್ದರೆ ಗೆರೆಯಾಗಿ ತೋರಿಸುವ ಜೆಲ್ಲಿನ ಮೇಲೆ ಒಂದು ಹೊಳೆಯುವ ಗೆರೆ. ಅಂದರೆ ಎಲ್ಲೋ ಕಲಬೆರಕೆ. ಆ ಗೆರೆ ಇರುವ ತನಕ ಉಳಿದ ಯಾವ ಫಲಿತಾಂಶವನ್ನೂ ನಂಬುವ ಹಾಗಿಲ್ಲ. ಒಂದೊಂದೇ ಬಾಟಲಿ ಬದಲಿಸುತ್ತ ಬಂದು, ಕೊನೆಗೆ ನಾನು ಮೊದಲ ದಿನ ತುಂಬಿಟ್ಟುಕೊಂಡಿದ್ದ ನೀರಿನ ಟ್ಯೂಬಿನಲ್ಲೇ ದೋಷ ಎಂದು ಗೊತ್ತಾಯಿತು. ಯಾವ ದಿನ ಯಾವ ಟ್ಯೂಬು ತೆರೆದೆ ಎಂದು ಬರೆದಿಟ್ಟಿದ್ದರೆ ಮೂರು ದಿನದ ಕೆಲಸ. ಅಂದಿನಿಂದ ನಾನು ಬರೆಯದೆ ಏನನ್ನೂ ಮುಟ್ಟುವುದಿಲ್ಲ.

ಆದರೂ ಒಂದು ಕೊರತೆ ಕಾಡಿತು. ಬಣ್ಣವಿಲ್ಲದ ದ್ರವದಿಂದ ಬಣ್ಣವಿಲ್ಲದ ದ್ರವ ತೆಗೆದು ಇನ್ನೊಂದು ಬಣ್ಣವಿಲ್ಲದ ದ್ರವಕ್ಕೆ ಹಾಕುವುದು. ಸಂಜೆ ಕೈಗೆ ಸಿಗುವುದು ಒಂದು ಗೆರೆ. ಅದರ ಹಿಂದಿನದನ್ನು ಮನಸ್ಸಿನಲ್ಲೇ ಕಲ್ಪಿಸಿಕೊಳ್ಳಬೇಕು. ಕೆಲವರಿಗೆ ಆ ಕಲ್ಪನೆಯೇ ಸುಖ. ಲ್ಯಾಬಿನ ಪಿಎಚ್‌ಡಿ ವಿದ್ಯಾರ್ಥಿಗಳ ಮುಖದಲ್ಲಿ ಅದನ್ನು ನೋಡಿದ್ದೇನೆ. ಐದಾರು ವರ್ಷ ಒಂದೇ ಪ್ರಶ್ನೆಯ ಜೊತೆ ಬಾಳುವ ಆ ಶಕ್ತಿಗೆ ನನ್ನಲ್ಲಿ ಗೌರವವಿದೆ. ನನಗೆ ಅದು ಇಲ್ಲ ಎಂದು ಅಲ್ಲೇ ತಿಳಿಯಿತು. ಪಿಎಚ್‌ಡಿಗೆ ಹೋಗಲಿಲ್ಲ, ಅದಕ್ಕಾಗಿ ಇಂದಿಗೂ ಬೇಸರವಿಲ್ಲ.

ಮಧ್ಯೆ ಆರು ತಿಂಗಳು ಬಯೋಇನ್ಫರ್ಮ್ಯಾಟಿಕ್ಸ್, ಅಂದರೆ ಜೀವಶಾಸ್ತ್ರದ ಮಾಹಿತಿಯನ್ನು ಕಂಪ್ಯೂಟರಿನಲ್ಲಿ ವಿಶ್ಲೇಷಿಸುವುದನ್ನು, ಕಲಿಯಲು ಹೊರಟು ಕೈಬಿಟ್ಟೆ. ಪ್ರೋಟೀನುಗಳ ಅಮೈನೋ ಆಮ್ಲಗಳ ಸರಣಿಯನ್ನು ಒಂದೊಂದು ಅಕ್ಷರದಲ್ಲಿ ಬರೆಯುವ ಪದ್ಧತಿ ತಂದ ಮಾರ್ಗರೆಟ್ ಡೇಹಾಫ್ 1965ರಲ್ಲೇ ಅಂಥ ಸರಣಿಗಳ ಸಂಗ್ರಹ ಹೊರತಂದಿದ್ದರು ಎಂದು ತರಗತಿಯಲ್ಲಿ ಕೇಳಿ ಹುರುಪು ಬಂದಿತ್ತು. ಆದರೆ ಪ್ರೋಗ್ರಾಮಿನಲ್ಲಿ ಒಂದು ಚಿಹ್ನೆ ತಪ್ಪಿದರೆ ಅರ್ಧ ದಿನ ಹೋಗುತ್ತಿತ್ತು. ತಾಳ್ಮೆ ಸಾಲದೆ ಬಿಟ್ಟೆ.

ಸೈಟೋಜೆನೆಟಿಕ್ಸ್ ಸಿಕ್ಕಿದ್ದು ಒಂದು ಮಧ್ಯಾಹ್ನ. ತರಗತಿಯನ್ನು ಒಂದು ಆಸ್ಪತ್ರೆಯ ಜೆನೆಟಿಕ್ಸ್ ಲ್ಯಾಬಿಗೆ ಕರೆದುಕೊಂಡು ಹೋಗಿದ್ದರು. ಉಳಿದವರೆಲ್ಲ ಯಂತ್ರಗಳ ಹತ್ತಿರ ನಿಂತಿದ್ದಾಗ, ಮೂಲೆಯ ಕತ್ತಲೆ ಕೋಣೆಯಲ್ಲಿ ಒಬ್ಬರು ಮೈಕ್ರೋಸ್ಕೋಪಿನ ಮುಂದೆ ಕೂತಿದ್ದರು. ‘ನೋಡ್ತೀಯಾ?’ ಎಂದರು. ನೋಡಿದೆ. ಒಂದು ಕೋಶ, ಅದರ 46 ವರ್ಣತಂತುಗಳು ಬೇರೆಬೇರೆಯಾಗಿ ಚೆಲ್ಲಿಕೊಂಡು ಬಿದ್ದಿದ್ದವು. ಪ್ರತಿಯೊಂದಕ್ಕೂ ಅಡ್ಡಪಟ್ಟೆ: ದಟ್ಟ, ತೆಳು, ದಟ್ಟ. ಯಾವುದೂ ಹಾರಿಹೋಗುತ್ತಿರಲಿಲ್ಲ. ಕಲ್ಪಿಸಿಕೊಳ್ಳಬೇಕಾಗಿಯೂ ಇರಲಿಲ್ಲ. ಬಸ್ಸು ಹೊರಡುತ್ತದೆ ಎಂದು ಬಂದು ನನ್ನನ್ನು ಎಬ್ಬಿಸಿದರು.

ಸ್ನಾತಕೋತ್ತರ ಪದವಿ ಮುಗಿಸಿ ಅಂಥದ್ದೇ ಒಂದು ಲ್ಯಾಬಿಗೆ ತರಬೇತಿಗೆ ಸೇರಿದೆ. ಆ ಮೂಲೆಯವರ ಹಾಗೆಯೇ ಇಲ್ಲೂ ಒಬ್ಬರು ಹಿರಿಯ ಟೆಕ್ನಾಲಜಿಸ್ಟ್ ಇದ್ದರು. ಎಲ್ಲರೂ ಅವರನ್ನು ಅಕ್ಕ ಅಂತಲೇ ಕರೆಯುತ್ತಿದ್ದೆವು. ಕೆಲಸ ಕಲಿಸಿದವರು ಅವರು.

ಕೆಲಸ ಹೀಗೆ ಸಾಗುತ್ತದೆ. ಕೆಂಪು ರಕ್ತಕಣಗಳಿಗೆ ವರ್ಣತಂತುಗಳಿರುವ ಕೋಶಕೇಂದ್ರವೇ ಇಲ್ಲ, ಆದ್ದರಿಂದ ನಮಗೆ ಬೇಕಾದದ್ದು ಬಿಳಿಯವು. ರಕ್ತದಲ್ಲಿರುವ ಲಿಂಫೋಸೈಟುಗಳು ಎಂಬ ಬಿಳಿ ಕಣಗಳು ಸುಮ್ಮನೆ ವಿಭಜನೆಯಾಗುವುದಿಲ್ಲ. ಹುರುಳಿಕಾಯಿ ಜಾತಿಯ ಬೀಜದಿಂದ ತೆಗೆದ ಫೈಟೋಹೀಮಾಗ್ಲುಟಿನಿನ್ ಎಂಬ ಪ್ರೋಟೀನನ್ನು ಪೋಷಕ ದ್ರವಕ್ಕೆ ಸೇರಿಸಿದರೆ ಅವು ಎಚ್ಚೆತ್ತು ವಿಭಜನೆಗೆ ತೊಡಗುತ್ತವೆ. ಪೀಟರ್ ನೋವೆಲ್ ಇದನ್ನು ತೋರಿಸಿದ್ದು 1960ರಲ್ಲಿ. 37 ಡಿಗ್ರಿಯಲ್ಲಿ 72 ಗಂಟೆ ಬೆಳೆಸುತ್ತೇವೆ. ಕೊನೆಗೆ ಕಾಲ್ಸೆಮಿಡ್ ಎಂಬ ರಾಸಾಯನಿಕ ಹಾಕಿ, ವರ್ಣತಂತುಗಳು ದಪ್ಪಗೆ, ಚೆನ್ನಾಗಿ ಕಾಣುವ ಹಂತದಲ್ಲೇ ವಿಭಜನೆಯನ್ನು ತಡೆಯುತ್ತೇವೆ. ಆಮೇಲೆ ಪೊಟ್ಯಾಸಿಯಂ ಕ್ಲೋರೈಡಿನ ತೆಳು ದ್ರಾವಣ: ಕೋಶಗಳು ನೀರು ಕುಡಿದು ಉಬ್ಬುತ್ತವೆ. ಮೂರು ಪಾಲು ಮೆಥನಾಲ್, ಒಂದು ಪಾಲು ಅಸಿಟಿಕ್ ಆಮ್ಲದಲ್ಲಿ ಸ್ಥಿರಗೊಳಿಸಿ, ಹನಿಯಾಗಿ ಸ್ಲೈಡಿನ ಮೇಲೆ ಬೀಳಿಸುತ್ತೇವೆ. ಹನಿ ಒಣಗುತ್ತ ಹೋದಂತೆ ಉಬ್ಬಿದ ಕೋಶ ಚಪ್ಪಟೆಯಾಗಿ ವರ್ಣತಂತುಗಳು ಹರಡಿಕೊಳ್ಳುತ್ತವೆ. ಟ್ರಿಪ್ಸಿನ್ ಎಂಬ ಕಿಣ್ವದಲ್ಲಿ ಕೆಲವೇ ಸೆಕೆಂಡು ಅದ್ದಿ, ಜಿಮ್ಸಾ ಬಣ್ಣ ಹಾಕಿದರೆ ಪಟ್ಟೆಗಳು ಏಳುತ್ತವೆ.

ಇದೆಲ್ಲ ಬರೆಯಲು ಸುಲಭ. ಆ ಹನಿ ಬೀಳಿಸುವುದು ಕೈಗೆ ಬರಲು ನನಗೆ ಐದು ತಿಂಗಳು ಬೇಕಾಯಿತು. ಗಾಳಿಯಲ್ಲಿ ತೇವ ಕಡಿಮೆಯಿದ್ದರೆ ಹನಿ ಬೇಗ ಒಣಗಿ ವರ್ಣತಂತುಗಳು ಗುಡ್ಡೆಯಾಗಿಯೇ ಉಳಿಯುತ್ತವೆ. ತೇವ ಹೆಚ್ಚಾದರೆ ಕೋಶ ಒಡೆದು ಚೆಲ್ಲಾಪಿಲ್ಲಿ, ಯಾವುದು ಯಾವ ಕೋಶದ್ದು ಎಂದೇ ತಿಳಿಯುವುದಿಲ್ಲ. ಅಕ್ಕ ಬೆಳಿಗ್ಗೆ ಬಂದವರೇ ಒಂದು ಸ್ಲೈಡಿಗೆ ಹನಿ ಹಾಕಿ, ಅದರ ಅಂಚು ಒಣಗುವ ರೀತಿ ನೋಡಿ, ‘ಇವತ್ತು ಸ್ವಲ್ಪ ಉಸಿರು ಬಿಡು’ ಎನ್ನುತ್ತಿದ್ದರು. ಅಂದರೆ ಹನಿ ಹಾಕುವ ಮುಂಚೆ ಸ್ಲೈಡಿನ ಮೇಲೆ ಬಾಯಿಂದ ಆವಿ ಬಿಡಬೇಕು. ಅಂಥದ್ದು ಯಾವ ಪಠ್ಯದಲ್ಲೂ ನನಗೆ ಸಿಕ್ಕಿರಲಿಲ್ಲ.

ಮೊದಲ ವಾರ ಒಂದು ಕೋಶದಲ್ಲಿ 45 ಎಣಿಸಿದೆ. ಅಕ್ಕ ನೋಡಿ, ‘ಅಲ್ಲಿ ಒಂದರ ಮೇಲೊಂದು ಬಿದ್ದಿದೆ, ನೋಡು’ ಎಂದರು. ಇನ್ನೊಂದರಲ್ಲಿ 46 ಎಂದು ಬರೆದೆ. ನಿಜವಾಗಿ ಇದ್ದದ್ದು 47. ಮಾದರಿಯ ಜೊತೆ ಬಂದ ವೈದ್ಯರ ಚೀಟಿಯಲ್ಲಿ ಏನೂ ಸಂಶಯ ಬರೆದಿರಲಿಲ್ಲ, ಹಾಗಾಗಿ 46 ಇರುತ್ತದೆ ಎಂದು ಮನಸ್ಸು ಮೊದಲೇ ತೀರ್ಮಾನ ಮಾಡಿಬಿಟ್ಟಿತ್ತು. ಅಂದು ಅಕ್ಕ ಹೇಳಿದ ಕಥೆಯನ್ನು ಆಮೇಲೆ ಹುಡುಕಿ ಓದಿದೆ. 1923ರಲ್ಲಿ ಥಿಯೋಫಿಲಸ್ ಪೇಂಟರ್ ಮನುಷ್ಯನಿಗೆ 48 ವರ್ಣತಂತು ಎಂದು ಪ್ರಕಟಿಸಿದರು. ಮುಂದಿನ ಮೂವತ್ತು ವರ್ಷ ಎಣಿಸಿದವರೂ 48 ಎಂದೇ ಎಣಿಸಿದರು. 1952ರಲ್ಲಿ ಟಿ. ಸಿ. ಶೂ ಅವರ ಲ್ಯಾಬಿನಲ್ಲಿ ಉಪ್ಪು ಕಡಿಮೆಯಾದ ದ್ರಾವಣದಿಂದಾಗಿ ವರ್ಣತಂತುಗಳು ಎಂದೂ ಇಲ್ಲದಷ್ಟು ಚೆನ್ನಾಗಿ ಹರಡಿದವು, ನಾವು ಇಂದು ಮಾಡುವ ಉಬ್ಬಿಸುವ ಹಂತ ಬಂದದ್ದು ಅಲ್ಲಿಂದ. ಅಷ್ಟು ಚೆನ್ನಾಗಿ ಕಂಡರೂ ಅವರು ಬರೆದದ್ದು 48. ಸ್ವೀಡನ್ನಿನಲ್ಲಿ ಜೋ ಹಿನ್ ಟಿಜೋ ಮತ್ತು ಆಲ್ಬರ್ಟ್ ಲೆವಾನ್ 46 ಎಂದು ಪ್ರಕಟಿಸಿದ್ದು 1956ರಲ್ಲಿ. ಕಣ್ಣೆದುರಿಗೆ ಇದ್ದದ್ದನ್ನು ಕಾಣಲು ಅಷ್ಟು ವರ್ಷ ಬೇಕಾಯಿತು. ಈಗ ನಾನು ಎಣಿಕೆ ಬರೆದ ಮೇಲೆಯೇ ಚೀಟಿ ತೆರೆಯುತ್ತೇನೆ. ಸಾಮಾನ್ಯವಾಗಿ ಒಬ್ಬರಿಗೆ 20 ಕೋಶ ನೋಡುತ್ತೇವೆ. ಇಪ್ಪತ್ತನೆಯದನ್ನೂ ಮೊದಲನೆಯದರಷ್ಟೇ ಜಾಗ್ರತೆಯಿಂದ.

ಎರಡನೇ ವರ್ಷದಲ್ಲಿ ನಡೆದ ಒಂದು ತಪ್ಪನ್ನು ಹೇಳದೆ ಮುಂದೆ ಹೋಗಲಾರೆ. ನಾನು ಹಾಕಿದ ಒಂದು ಕಲ್ಚರ್ ಬಾಟಲಿಗೆ ಬೂಷ್ಟು ಹಿಡಿಯಿತು. ಮೂರನೇ ದಿನ ತೆಗೆದರೆ ದ್ರವ ಕಲಕಲು. ಅದು ಹುಟ್ಟಿ ಹತ್ತು ದಿನವಾದ ಮಗುವಿನ ರಕ್ತ. ಮತ್ತೆ ಆ ಮಗುವಿಗೆ ಸೂಜಿ ಚುಚ್ಚಬೇಕಾಯಿತು, ತಂದೆತಾಯಿ ಇನ್ನೂ ಅಷ್ಟು ದಿನ ಕಾಯಬೇಕಾಯಿತು. ಲ್ಯಾಬಿನಲ್ಲಿ ಕೂತವರಿಗೆ ರೋಗಿಯ ಮುಖ ಕಾಣುವುದಿಲ್ಲ, ಆದರೆ ಬಾಟಲಿಯ ಮೇಲಿನ ಸಂಖ್ಯೆ ಒಬ್ಬ ಮನುಷ್ಯ. ಆ ದಿನದಿಂದ ಎರಡು ಬಾಟಲಿಯಲ್ಲಿ ಹಾಕಿ ಬೇರೆಬೇರೆ ಇನ್ಕ್ಯುಬೇಟರಿನಲ್ಲಿ ಇಡುವುದು ನನಗೆ ವ್ರತದ ಹಾಗೆ.

ಡೌನ್ ಸಿಂಡ್ರೋಮಿಗೆ 21ನೇ ವರ್ಣತಂತು ಮೂರಿರುವುದು ಕಾರಣ ಎಂದು ಎಲ್ಲ ಪಠ್ಯದಲ್ಲೂ ಇದೆ. (ಗಾತ್ರದ ಪ್ರಕಾರ ಸಂಖ್ಯೆ ಕೊಟ್ಟದ್ದು, ಆದರೆ ನಿಜವಾಗಿ 22ಕ್ಕಿಂತ 21ನೆಯದೇ ಚಿಕ್ಕದು. ಮೈಕ್ರೋಸ್ಕೋಪಿನಲ್ಲಿ ಅದನ್ನು ನೋಡುವಾಗಲೆಲ್ಲ ನನಗೆ ಇದು ನೆನಪಾಗುತ್ತದೆ.) ಇದನ್ನು ತೋರಿಸಿದ 1959ರ ಪ್ರಬಂಧದಲ್ಲಿ ಮೊದಲ ಹೆಸರು ಜೆರೋಮ್ ಲೆಜೂನ್ ಅವರದು. ಆ ಕೆಲಸ ನಡೆದ ಪ್ಯಾರಿಸ್ಸಿನ ಆಸ್ಪತ್ರೆಯಲ್ಲಿ ಕೋಶಗಳನ್ನು ಬೆಳೆಸುವ ವ್ಯವಸ್ಥೆಯನ್ನು ಬರಿಗೈಯಿಂದ ಕಟ್ಟಿದವರು ಮಾರ್ತ್ ಗೋತಿಯೆ. ಕೋಶ ಬೆಳೆಸಲು ಬೇಕಾದ ಸೀರಂ (ರಕ್ತದ ತಿಳಿ ದ್ರವ) ಸಾಲದಾಗ ತಮ್ಮದೇ ರಕ್ತದಿಂದ ತೆಗೆದುಕೊಂಡವರು. 47 ಇದ್ದ ಸ್ಲೈಡುಗಳು ಅವರವು. ಫೋಟೋ ತೆಗೆಯಲು ಲೆಜೂನ್ ಒಯ್ದ ಸ್ಲೈಡುಗಳು ಪ್ರಬಂಧವಾಗಿ ಬಂದಾಗ ಅವರ ಹೆಸರು ಎರಡನೆಯದಾಗಿತ್ತು, ಅದನ್ನೂ ತಪ್ಪಾಗಿ ಅಚ್ಚು ಮಾಡಿದ್ದರು. ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನಾನು ಹಿಂದೆ ಕೆಲಸ ಮಾಡಿದ ಒಂದು ಜಾಗದಲ್ಲಿ, ನಾನು ಹುಡುಕಿದ ಅಪರೂಪದ ಒಂದು ಪ್ರಕರಣವನ್ನು ಬೇರೊಬ್ಬರು ಸಮ್ಮೇಳನದಲ್ಲಿ ತಮ್ಮದೆಂದು ಮಂಡಿಸಿದ್ದರು. ಈ ಹಾದಿಗೆ ಬರುವವರಿಗೆ ನೇರವಾಗಿ ಹೇಳಬೇಕಾದ ಮಾತಿದು: ನನಗೆ ಗೊತ್ತಿರುವ ಲ್ಯಾಬುಗಳಲ್ಲಿ ವರದಿಗೆ ಸಹಿ ಹಾಕುವವರು ವೈದ್ಯಕೀಯ ಪದವಿಯವರು ಅಥವಾ ಪಿಎಚ್‌ಡಿ ಮಾಡಿದವರು. ಸ್ಲೈಡಿನ ಮುಂದೆ ಕೂತವರ ಹೆಸರು ರೋಗಿಗೆ ಗೊತ್ತಾಗುವುದಿಲ್ಲ. ಅದು ಬೇಕೇಬೇಕು ಎನ್ನುವವರು ಸೇರುವ ಮುಂಚೆಯೇ ಯಾವ ಪದವಿಗೆ ಯಾವ ಅಧಿಕಾರ ಎಂದು ವಿಚಾರಿಸಿಕೊಳ್ಳಬೇಕು. ನಾನು ವಿಚಾರಿಸಿರಲಿಲ್ಲ.

ಆದರೂ ಇಲ್ಲೇ ಉಳಿದದ್ದು ಯಾಕೆ ಎಂದರೆ, ಒಂದು ಅಸ್ಥಿಮಜ್ಜೆಯ ಮಾದರಿ. ನಾಲ್ಕನೇ ವರ್ಷ. 22ನೇ ವರ್ಣತಂತು ಒಂದು ತೀರ ಗಿಡ್ಡ, 9ನೆಯದು ಒಂದು ಸ್ವಲ್ಪ ಉದ್ದ. ನಾನೇ ಮೊದಲು ಕಂಡೆ. ಆ ಗಿಡ್ಡ ವರ್ಣತಂತುವನ್ನು 1960ರಲ್ಲಿ ನೋವೆಲ್ ಮತ್ತು ಡೇವಿಡ್ ಹಂಗರ್‌ಫರ್ಡ್ ಒಂದು ಬಗೆಯ ರಕ್ತದ ಕ್ಯಾನ್ಸರಿನಲ್ಲಿ ಗುರುತಿಸಿದ್ದರು. ಕಂಡ ಊರಿನ ಹೆಸರಿಂದ ಅದು ಫಿಲಡೆಲ್ಫಿಯಾ ವರ್ಣತಂತು. ಕಳೆದುಹೋದ ತುಂಡು ಎಲ್ಲಿಗೆ ಹೋಯಿತು ಎಂದು ಯಾರಿಗೂ ತಿಳಿದಿರಲಿಲ್ಲ. ಜಾನೆಟ್ ರೌಲಿ ಎಂಬ ವೈದ್ಯೆ, ನಾಲ್ಕು ಗಂಡುಮಕ್ಕಳ ತಾಯಿ, ಮಕ್ಕಳು ಸಣ್ಣವರಿದ್ದಾಗ ಅರ್ಧ ದಿನದ ಕೆಲಸವಷ್ಟೇ ಮಾಡುತ್ತಿದ್ದವರು, ವರ್ಣತಂತುಗಳ ಫೋಟೋ ಕತ್ತರಿಸಿ ಮನೆಯ ಊಟದ ಮೇಜಿನ ಮೇಲೆ ಹರಡಿಕೊಂಡು ನೋಡಿ, ಅದು 9ನೆಯದಕ್ಕೆ ಅಂಟಿಕೊಂಡಿದೆ ಎಂದು 1973ರಲ್ಲಿ ತೋರಿಸಿದರು. ಆ ಅದಲುಬದಲಿನಿಂದ ಹುಟ್ಟುವ ಪ್ರೋಟೀನನ್ನೇ ತಡೆಯುವ ಇಮ್ಯಾಟಿನಿಬ್ ಮಾತ್ರೆಗೆ 2001ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಹಾಗಾಗಿ ಆ ದಿನ ನಾನು ಕಂಡದ್ದು ರೋಗವನ್ನಷ್ಟೇ ಅಲ್ಲ, ಔಷಧಿ ಇರುವ ರೋಗವನ್ನು. ಅಕ್ಕನನ್ನು ಕೂಗಿದೆ. ಅವರು ನೋಡಿ, ಏನೂ ಹೇಳದೆ ನನ್ನ ಭುಜದ ಮೇಲೆ ಕೈಯಿಟ್ಟರು. ಸಂಜೆ ಅಪ್ಪನಿಗೆ ಫೋನ್ ಮಾಡಿ ಇದನ್ನು ವಿವರಿಸಲು ನೋಡಿದೆ. ‘ನೀನು ಕಂಡುಹಿಡಿದದ್ದರಿಂದ ಅವರಿಗೆ ಮಾತ್ರೆ ಕೊಡ್ತಾರಾ?’ ಎಂದು ಕೇಳಿದರು. ಹೌದು ಅಪ್ಪಾ ಅಂದೆ. ಹತ್ತನೇ ವಯಸ್ಸಿನಲ್ಲಿ ಹೂಂ ಅಂದದ್ದು ಆ ಹೊತ್ತಿಗೆ ನನ್ನ ಬೆನ್ನಿಂದ ಇಳಿಯಿತು.

ನನ್ನ ಜೊತೆ ಓದಿದವರು ಎಲ್ಲೆಲ್ಲಿಗೋ ಹೋದರು. ಒಬ್ಬ ಅಪರಾಧ ವಿಜ್ಞಾನದ ಲ್ಯಾಬಿನಲ್ಲಿ ಡಿಎನ್‌ಎ ಹೋಲಿಸುತ್ತಾನೆ. ನ್ಯಾಯಾಲಯದಲ್ಲಿ ಸಾಕ್ಷಿ ಹೇಳುವುದು ಕೆಲಸದ ದೊಡ್ಡ ಪಾಲು ಎಂದು ಸೇರಿದ ಮೇಲೆ ಗೊತ್ತಾಯಿತಂತೆ. ಒಬ್ಬಳು ಔಷಧಿ ಕಾರ್ಖಾನೆಯ ಗುಣಮಟ್ಟ ವಿಭಾಗದಲ್ಲಿ ಸೂಕ್ಷ್ಮಜೀವಿ ಪರೀಕ್ಷೆ ಮಾಡುತ್ತಾಳೆ, ಇನ್ನೊಬ್ಬ ಅಂಗಾಂಶ ಕೃಷಿಯಲ್ಲಿ ಸಸಿ ಬೆಳೆಸುತ್ತಾನೆ. ಚಿತ್ರ ಬಿಡಿಸುತ್ತಿದ್ದವಳು ಪಠ್ಯಪುಸ್ತಕಗಳಿಗೆ ಗಿಡ, ಕೀಟಗಳ ಚಿತ್ರ ಬರೆಯುತ್ತಾಳೆ. ಕಾನೂನು ಓದಿ ಪೇಟೆಂಟ್ ಕಡೆ ಹೋದವನಿಗೆ ಜೀವಶಾಸ್ತ್ರ ಈಗ ಓದಿ ತಿಳಿಯುವ ವಿಷಯ ಮಾತ್ರ, ಕೈಯಿಂದ ಮುಟ್ಟುವುದಲ್ಲ. ಅವನಿಗೆ ಅದೇ ಸರಿ.

ನನ್ನನ್ನು ನಿಜವಾಗಿ ಸೆಳೆದ ಇನ್ನೊಂದು ದಾರಿ ಎಂದರೆ ಜೆನೆಟಿಕ್ ಕೌನ್ಸೆಲಿಂಗ್. ಡೌನ್ ಸಿಂಡ್ರೋಮ್ ಇದ್ದ ಒಂದು ಮಗುವಿನ ಮಾದರಿಯಲ್ಲಿ ಮೂರನೇ 21 ಬಿಡಿಯಾಗಿರಲಿಲ್ಲ, 14ನೆಯದಕ್ಕೆ ಅಂಟಿಕೊಂಡಿತ್ತು. ನೂರರಲ್ಲಿ ಮೂರು ನಾಲ್ಕು ಪ್ರಕರಣ ಹೀಗಿರುತ್ತವೆ. ಆಗ ತಂದೆತಾಯಿಯದನ್ನೂ ನೋಡಬೇಕು. ತಾಯಿಯ ಕೋಶಗಳಲ್ಲಿ 45. ಯಾವುದೂ ಕಳೆದುಹೋಗಿರಲಿಲ್ಲ, ಎರಡು ಸೇರಿ ಒಂದಾಗಿದ್ದವು ಅಷ್ಟೇ. ಅವರು ಪೂರ್ತಿ ಆರೋಗ್ಯವಾಗಿದ್ದರು. ಆದರೆ ಮುಂದಿನ ಮಗುವಿಗೂ ಹೀಗಾಗುವ ಸಾಧ್ಯತೆ ನೂರಕ್ಕೆ ಹತ್ತರಿಂದ ಹದಿನೈದರಷ್ಟು. ಈ ಸಂಖ್ಯೆಯನ್ನು ಆ ತಾಯಿಗೆ, ‘ಇದು ನಿಮ್ಮ ತಪ್ಪಲ್ಲ’ ಎಂಬುದರ ಜೊತೆ ಹೇಳುವವರು ಕೌನ್ಸೆಲರ್. ಅಮೆರಿಕದ ಸಾರಾ ಲಾರೆನ್ಸ್ ಕಾಲೇಜಿನಲ್ಲಿ 1969ರಲ್ಲಿ ಇದಕ್ಕೆಂದೇ ಮೊದಲ ಸ್ನಾತಕೋತ್ತರ ಕೋರ್ಸ್ ಶುರುವಾಯಿತು. ನಮ್ಮ ಕೌನ್ಸೆಲರ್ ಒಪ್ಪಿಗೆ ಪಡೆದು ನನ್ನನ್ನೂ ಆ ಕೋಣೆಯಲ್ಲಿ ಕೂರಿಸಿಕೊಂಡರು. ಒಂದು ಗಂಟೆ. ಅವರು ಅರ್ಧ ಹೊತ್ತು ಸುಮ್ಮನೆ ಕೇಳಿಸಿಕೊಂಡರು. ಆ ಸುಮ್ಮನಿರುವಿಕೆ ನನ್ನ ಕೈಲಾಗದು ಎಂದು ತಿಳಿದು ನನ್ನ ಕತ್ತಲೆ ಕೋಣೆಗೆ ವಾಪಸು ಬಂದೆ. ಮನುಷ್ಯರ ಜೊತೆ ಕೂರುವ ಶಕ್ತಿ ಇರುವ ಹುಡುಗ ಹುಡುಗಿಯರು ಸಿಕ್ಕಿದಾಗಲೆಲ್ಲ ಈ ವೃತ್ತಿಯ ಹೆಸರು ಹೇಳುತ್ತೇನೆ.

ಈಗ ನನ್ನ ಕೆಲಸವೇ ಬದಲಾಗುತ್ತಿದೆ. ಮೈಕ್ರೋಸ್ಕೋಪಿನ ಕಣ್ಣಿಗೆ ಡಿಎನ್‌ಎಯ ಐವತ್ತು ಲಕ್ಷ ಅಕ್ಷರಗಳಿಗಿಂತ ಸಣ್ಣ ಬದಲಾವಣೆ ಸಾಮಾನ್ಯವಾಗಿ ಕಾಣದು. ಡಿಎನ್‌ಎಯ ಹೆಚ್ಚುಕಡಿಮೆಯನ್ನು ಚಿಪ್ಪಿನ ಮೇಲೆ ಅಳೆಯುವ ಮೈಕ್ರೋಅರೇ ಅದಕ್ಕಿಂತ ಬಹಳ ಸಣ್ಣದನ್ನೂ ಹಿಡಿಯುತ್ತದೆ. ಅದರಿಂದ ಬರುವುದು ಸ್ಲೈಡಲ್ಲ, ಲಕ್ಷಾಂತರ ಅಂಕಿಗಳ ಕಡತ. ಹಾಗಾಗಿ ಹಿಂದೆ ಕೈಬಿಟ್ಟ ಪ್ರೋಗ್ರಾಮಿಂಗನ್ನು ಕಳೆದ ವರ್ಷದಿಂದ ರಾತ್ರಿ ಕೂತು ಮೊದಲಿಂದ ಕಲಿಯುತ್ತಿದ್ದೇನೆ. ಕಲಿಸುವವನು ನನಗಿಂತ ಹದಿನೈದು ವರ್ಷ ಚಿಕ್ಕವನು, ‘ಮೇಡಂ, ಬ್ರಾಕೆಟ್ ಮುಚ್ಚಿಲ್ಲ’ ಎಂದು ದಿನಕ್ಕೆ ಹತ್ತು ಸಲ ಹೇಳುತ್ತಾನೆ. ಈ ಸಲ ತಾಳ್ಮೆ ಇದೆ. ಆ ಅಂಕಿಗಳ ಹಿಂದೆ ಏನಿದೆ ಎಂದು ಹನ್ನೊಂದು ವರ್ಷ ಕಣ್ಣಾರೆ ಕಂಡಿರುವುದರಿಂದಲೋ ಏನೋ.

ಹೋದ ತಿಂಗಳು ನಾನೇ ಬರೆದ ಪ್ರೋಗ್ರಾಮಿನಿಂದ ಮೊದಲ ಚಿತ್ರ ಮೂಡಿತು: ಸಾಲಾಗಿ ಚುಕ್ಕೆಗಳು, 22ನೇ ವರ್ಣತಂತುವಿನ ಒಂದು ಕಡೆ ಸಣ್ಣ ಹಳ್ಳ. ಮೂವತ್ತು ಲಕ್ಷದಷ್ಟು ಅಕ್ಷರಗಳು ಒಂದು ಪ್ರತಿಯಲ್ಲಿ ಇಲ್ಲ. ಅದೇ ಮಗುವಿನ ಸ್ಲೈಡನ್ನು ಪೆಟ್ಟಿಗೆಯಿಂದ ತೆಗೆದು ಮೈಕ್ರೋಸ್ಕೋಪಿಗೆ ಇಟ್ಟೆ. 22ರ ಎರಡೂ ಪ್ರತಿ ಒಂದೇ ಥರ ಕಂಡವು. ಬೇರೆ ಕೋಶ ಹುಡುಕಿದೆ, ಅಲ್ಲೂ ಹಾಗೇ. ಹಳ್ಳ ಎಲ್ಲಿರಬೇಕು ಎಂದು ಗೊತ್ತಿದ್ದೂ ಕಾಣಿಸಲಿಲ್ಲ. ಆದರೂ ಬಹಳ ಹೊತ್ತು ನೋಡುತ್ತ ಕೂತಿದ್ದೆ.